ತೋಳು ತುಂಬ ಬಳೆ

ಒಂದೂರಲ್ಲಿ ದ್ಯಾವಮ್ಮ, ಬೋರಮ್ಮ ಅಂತ ಇಬ್ಬರು ಸಾಹುಕಾರರ ಹೆಂಡಿರು ಇದ್ದರಂತೆ. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಇವಳ ಒಲೆ ಮೇಲೆ ಒಗ್ಗರಣೆ ಚಟಪಟ ಅಂದರೆ ಅವಳ ಹೊಟ್ಟೇಲಿ ಉರಿ. ಊರ ಹೆಸರು ಕೇಳಬೇಡಿ, ನಿಮ್ಮೂರೇ ಅಂದುಬಿಟ್ಟೇನು.

ಆ ಊರಲ್ಲೊಂದು ಕಟ್ಟುಪಾಡು. ತೊಟ್ಟ ಬಳೇನ ಗಂಡ ಬದುಕಿರೋತನಕ ತೆಗೆಯೋ ಹಾಗಿಲ್ಲ. ಬೇಕಂತ ಒಡೆದರೆ ಊರಿಂದಾಚೆ.

ಬಳೆಗಾರ ಶೆಟ್ಟಿ ಹುಣ್ಣಿಮೆಗೊಮ್ಮೆ ಬರೋನು. "ಹೋದ ಸಲದ್ದು ಈಗ ಯಾರು ತೊಡ್ತಾರೆ ತಾಯಿ? ಹೊಸ ಬಣ್ಣ ಬಂದದೆ ನೋಡಿ" ಅನ್ನೋನು. ಬೋರಮ್ಮ ತೊಟ್ಟರೆ ದ್ಯಾವಮ್ಮ, ದ್ಯಾವಮ್ಮ ತೊಟ್ಟರೆ ಬೋರಮ್ಮ. ಗದ್ದೆ ಹೋಯ್ತು, ಎತ್ತು ಹೋಯ್ತು, ಬಳೆ ಮೊಣಕೈ ದಾಟಿ ಭುಜಕ್ಕೇರಿತು. ಕೈ ಮಡಚೋಕೇ ಆಗದು. ಗಂಡಂದಿರೇ ಕೂತು ತುತ್ತು ಇಡಬೇಕಾಯ್ತಂತೆ.

ಒಂದು ಹುಣ್ಣಿಮೆಗೆ ಶೆಟ್ಟಿ ನವಿಲುಬಣ್ಣದ ಬಳೆ ತಂದ. ದ್ಯಾವಮ್ಮನ ತೋಳಲ್ಲಿ ಜಾಗ ಇಲ್ಲ. ಬೋರಮ್ಮನ ಕೈ ಒಂದು ಬೆರಳಷ್ಟು ಉದ್ದ, ಹಾಳಾದ್ದು, ಹಿಡಿಸಿತು. ಅವಳು ಜಗಲಿ ಮೇಲೆ ನಿಂತು ಝಲ್ ಅನ್ನಿಸಿದಳು.

ದ್ಯಾವಮ್ಮನಿಗೆ ನೀರೂ ಇಳೀಲಿಲ್ಲ. "ಈ ಗಂಡ ಇರೋದಕ್ಕೆ ತಾನೆ ಜಾಗ ಇಲ್ಲ" ಅನ್ನಿಸಿತಂತೆ. ಹೊಟ್ಟೆಕಿಚ್ಚಿಗೆ ಮುಂದಿಂದು ಎಲ್ಲಿ ಕಾಣ್ತದೆ? ನೆಟ್ಟಗಿನ ಕೈಯಲ್ಲೇ ಹೂರಣ ರುಬ್ಬಿ, ವಿಷ ಬೆರೆಸಿ, ಹೋಳಿಗೆ ತಟ್ಟಿದಳು.

ಗಂಡ ಮುದ್ದಯ್ಯ ಪಾಪದವನು. ಮೊದಲ ಚೂರು ಮುರಿದು ಇವಳ ಬಾಯಿಗೇ ಹಿಡಿದ.

"ನಂಗೆ ಇವತ್ತು ಉಪವಾಸ, ನೀವು ತಿನ್ನಿ" ಅಂದಳು.

ತಿಂದ. ಸತ್ತ.

ಊರ ಹೆಂಗಸರು ಬಂದು ಭುಜದಿಂದ ಮಣಿಕಟ್ಟಿನತನಕ ಬಳೆ ಒಡೆದರು. ದ್ಯಾವಮ್ಮ ಬಾಯಲ್ಲಿ ಅಳ್ತಾ, ಕಣ್ಣಲ್ಲಿ ಜಾಗ ಅಳೀತಿದ್ದಳು.

ಮುಂದಿನ ಹುಣ್ಣಿಮೆಗೆ ಶೆಟ್ಟಿ ಮುಂದೆ ಎರಡೂ ಕೈ ಚಾಚಿದಳು. ಅವನು ಬಳೆಯ ಮಲಾರ ಕಟ್ಟಿಕೊಂಡು ಹಿಂದೆ ಸರಿದ.

"ಜಾಗ ಅದೆಯಲ್ಲಪ್ಪ."

"ಜಾಗ ಅದೆ ತಾಯಿ, ಗಂಡ ಇಲ್ಲ. ಗಂಡ ಸತ್ತವರಿಗೆ ಬಳೆ ತೊಡಿಸೋದುಂಟಾ?"

ದ್ಯಾವಮ್ಮ ಜಗಲಿ ಮೇಲೆ ಕೂತಳು. ತಾನೇ ಚೆಂಬು ಎತ್ತಿ ನೀರು ಕುಡಿದಳು, ಬೆನ್ನು ಕೆರೆದುಕೊಂಡಳು.

ಗೋಡೆಯಾಚೆಯಿಂದ ಬೋರಮ್ಮ ನೋಡ್ತಾನೇ ಇದ್ದಳಂತೆ. ಇವಳ ಕೈ ಹೆಂಗೆ ಮಡಚ್ತದೆ! ತನ್ನ ಬೆನ್ನು ಕೆರೆದುಕೊಂಡು ಎಷ್ಟು ವರ್ಷವಾಯ್ತು? ಅವಳ ಹೊಟ್ಟೆ ಧಗಧಗ ಅಂತು.

ಅವತ್ತು ಸಂಜೆ ಬೋರಮ್ಮನ ಮನೇಲೂ ಹೋಳಿಗೆ ಮಾಡಿದರಂತೆ.

ಕಥೆ ಅವರ ಮನೇಲಿ ಉಳೀತು, ನಾನು ಎದ್ದು ಬಂದೆ. ನೀವೂ ಮನೆಗೆ ಹೋಗಿ. ಹಬ್ಬ ಇಲ್ಲದ ದಿನ ಹೋಳಿಗೆ ಬಡಿಸಿದರೆ, ಪಕ್ಕದ ಮನೆಯವರು ಏನು ಕೊಂಡರು ಅಂತ ಕೇಳಿ ಆಮೇಲೆ ತಿನ್ನಿ.