ಎಂಟು ದನಿಗಳ ಸಿಂಥಸೈಜರ್

ವಾದ್ಯಗೋಷ್ಠಿಯವರು ಹಳೆಯ ಸಿಂಥಸೈಜರಿನ ಸ್ವಿಚ್ ಆರಿಸದೆ ಊಟಕ್ಕೆ ಹೋದರು. ಸುಂಡಿಲಿಯೊಂದು ಅದರ ಬಿಳಿ ಕೀಯನ್ನು ಮೆಟ್ಟಿತು, ಕೊಳಲು ನುಡಿಯಿತು. ಗುಂಡಿ ತಿರುಗಿಸಿತು, ಕೊಳಲು ತುತ್ತೂರಿಯಾಯಿತು. ಇನ್ನೂ ತಿರುಗಿಸಿದಾಗ ತುತ್ತೂರಿ ತೇಲುತ್ತಾ ಗಂಟೆಯಾಯಿತು. ನಗು ತಡೆಯಲಾರದೆ ಅದು ಏಳು ತಂಗಿಯರನ್ನು ಕರೆಯಿತು. ಒಂದರ ಹಿಂದೊಂದು ಬಂದು ಎಂಟೂ ಒಂದೊಂದು ಕೀಯನ್ನು ಮೆಟ್ಟಿ ನಿಂತಾಗ ಕೋಣೆಯೇ ಅಮಲೇರಿದಂತೆ ಮೊಳಗಿತು.

ಆಗ ಹೆಗ್ಗಣ ಬಂದು, "ಹಿರಿಯರಿಲ್ಲದ ಮೇಳವೆಂಥದು?" ಎಂದು ಒಂಬತ್ತನೆಯ ಕೀಯ ಮೇಲೆ ಕುಳಿತಿತು. ಒಡನೆ ಮೊದಲು ಮೆಟ್ಟಿದ್ದ ಅಕ್ಕನ ದನಿ ನಿಂತುಹೋಯಿತು.

"ನನ್ನ ದನಿ ಎಲ್ಲಿ?" ಎಂದು ಅಕ್ಕ ಚೀರಿತು.

"ನನ್ನಲ್ಲಿರುವುದು ಎಂಟೇ ದನಿ," ಎಂದಿತು ಸಿಂಥಸೈಜರ್. "ಒಂಬತ್ತನೆಯವರು ಒತ್ತಿದರೆ, ಎಲ್ಲರಿಗಿಂತ ಹೆಚ್ಚು ಹೊತ್ತಿನಿಂದ ಒತ್ತಿಕೊಂಡಿರುವವರ ದನಿಯನ್ನು ಕಿತ್ತುಕೊಡುತ್ತೇನೆ."

"ನಿಯಮವೆಂದರೆ ನಿಯಮ, ಮಗಳೇ. ಮೂಲೆಗೆ ಹೋಗಿ ಚಪ್ಪಾಳೆ ತಟ್ಟು," ಎಂದಿತು ಹೆಗ್ಗಣ.

"ನಿಯಮದಂತೆಯೇ ನಡೆಯುತ್ತೇನೆ, ಮಾವ," ಎಂದು ಅಕ್ಕ ನೆಗೆದು ಅದೇ ಕೀಯನ್ನು ಮತ್ತೆ ಮೆಟ್ಟಿತು. ಹೊಸದಾಗಿ ಒತ್ತಿದಂತಾಗಿ ಅದರ ದನಿ ಮರಳಿತು. ಮೊದಲ ತಂಗಿಯದು ನಿಂತಿತು. ಆ ತಂಗಿಯೂ ನೆಗೆಯಿತು. ಎರಡನೆಯದರ ದನಿ ನಿಂತಿತು. ಹೀಗೆ ಕಿಲಕಿಲ ನಗುತ್ತಾ ಏಳನೆಯ ತಂಗಿ ನೆಗೆದಾಗ ನಿಂತದ್ದು ಹೆಗ್ಗಣದ ದನಿ.

"ಮಾವ, ನೀವೂ ಒಮ್ಮೆ ಎದ್ದು ನೆಗೆಯಿರಿ!" ಎಂದವು ಇಲಿಗಳು.

"ಎದ್ದರೆ ಈ ಜಾಗದಲ್ಲಿ ಬೇರೆಯವರು ಕೂರುವುದಿಲ್ಲವೇ?" ಎಂದು ಹೆಗ್ಗಣ ಇನ್ನೂ ಬಲವಾಗಿ ಒತ್ತಿತು.

ಮೇಳ ಮುಗಿಯುವವರೆಗೂ ಅದು ಕುಳಿತೇ ಇತ್ತು, ಅದರ ದನಿ ಯಾರಿಗೂ ಕೇಳಿಸಲಿಲ್ಲ.