ಬಣ್ಣ ಬಿಟ್ಟ ಕೈ

"ಬುದ್ಧಿ, ನಾನು ಯಾರಿಗೂ ಕೇಡು ಮಾಡಿದವನಲ್ಲ. ಮತ್ಯಾಕೆ ನನ್ನ ಮನಸ್ಸು ಒಂದು ಗಳಿಗೆಯೂ ನಿಂತಲ್ಲಿ ನಿಲ್ಲೋದಿಲ್ಲ?"

ಹೀಗೆ ಕೇಳಿದವನು ಪುಟ್ಟಮಾದಪ್ಪ. ಊರಿನ ಬಸ್ ನಿಲ್ದಾಣದ ಎದುರು ಅವನದೊಂದು ಸಣ್ಣ ಆಫೀಸು. ಕಾರ್ಖಾನೆಗೆ ಸೆಕ್ಯುರಿಟಿಯವರು, ಆಸ್ಪತ್ರೆಗೆ ನರ್ಸುಗಳು, ಶಾಲೆಯ ವ್ಯಾನಿಗೆ ಡ್ರೈವರು, ಯಾರು ಬೇಕಾದರೂ ಅವನನ್ನು ಕೇಳುತ್ತಿದ್ದರು. ಕೆಲಸ ಬೇಕೆನ್ನುವವರೂ ಅವನನ್ನೇ ಕೇಳುತ್ತಿದ್ದರು. ಮಠಕ್ಕೆ ಬಂದು ಗುರುಗಳ ಎದುರು ಚಾಪೆಯ ಮೇಲೆ ಕೂತಾಗಿನಿಂದ ಅವನ ಜೇಬಿನ ಫೋನು ನಾಲ್ಕು ಸಲ ಗುಂಯ್ ಎಂದಿತ್ತು. ನಾಲ್ಕು ಸಲವೂ ಅವನು ಹೆಸರು ನೋಡಿ, ಎತ್ತದೆ ಒಳಗಿಟ್ಟಿದ್ದ. ಅವನ ಪ್ಯಾಂಟಿಗೆ ಮೊಣಕಾಲಿನವರೆಗೂ ಉತ್ತರಾಣಿ ಕಾಳು ಮೆತ್ತಿಕೊಂಡಿತ್ತು. ಮಠದ ಮುಂದೆ ಒಳ್ಳೆಯ ಡಾಂಬರು ರಸ್ತೆ ಇದೆ. ಉತ್ತರಾಣಿ ಬೆಳೆದಿರುವುದು ಹಿಂದಿನ ಪಾಳು ಹೊಲದಲ್ಲಿ. ಗುರುಗಳು ಅದನ್ನು ನೋಡಿದರು.

"ಫೋನು ಆಚೆ ಇಡು. ಒಂದು ಕತೆ ಹೇಳ್ತೀನಿ" ಎಂದರು.

ಒಂದು ಪಟ್ಟಣದಲ್ಲಿ ಒಬ್ಬ ದಲ್ಲಾಳಿ ಇದ್ದ. ದನದ ದಲ್ಲಾಳಿಯಲ್ಲ, ಧಾನ್ಯದ ದಲ್ಲಾಳಿಯೂ ಅಲ್ಲ, ಕೆಲಸದ ದಲ್ಲಾಳಿ. ಕೆಲಸ ಇರುವವರಿಗೆ ಜನ, ಜನರಿಗೆ ಕೆಲಸ ಹುಡುಕಿ ಕೊಡುವುದು ಅವನ ಕಸುಬು. ಅದರಲ್ಲಿ ಅವನು ಚೆನ್ನಾಗಿ ಪಳಗಿದ್ದ. ಕೆಲಸ ಕೇಳಿಕೊಂಡು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಹೋದ ವರ್ಷ ಒಮ್ಮೆ ಕೇಳಿದ ಮಗುವಿನ ಹೆಸರನ್ನು ಈ ವರ್ಷ ನೆನಪಿಟ್ಟು ಕೇಳುತ್ತಿದ್ದ. ಅವನ ಜಗಲಿಯಿಂದ ಎದ್ದವನು ತನಗೊಬ್ಬ ಅಣ್ಣ ಸಿಕ್ಕಿದ ಎಂದುಕೊಂಡೇ ಮನೆಗೆ ಹೋಗುತ್ತಿದ್ದ.

ಅವನಿಗೆ ಬಾರದೆ ಇದ್ದದ್ದು ಒಂದೇ. 'ಇಲ್ಲ' ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಕೆಲಸ ಇದ್ದರೆ ಅಲ್ಲೇ ಹೇಳುತ್ತಿದ್ದ. ಇಲ್ಲದಿದ್ದರೆ ಬೆನ್ನು ತಟ್ಟಿ, "ಹೇಳಿ ಕಳಿಸ್ತೀನಿ, ಹೋಗಿ ಬನ್ನಿ" ಎನ್ನುತ್ತಿದ್ದ. ಎದುರಿಗೆ ಕೂತವನ ಮುಖ ಸಪ್ಪಗಾಗುವುದನ್ನು ನೋಡುವುದು ಅವನ ಕೈಲಾಗುತ್ತಿರಲಿಲ್ಲ. ಅದನ್ನು ಅವನು ತನ್ನ ಕರುಣೆ ಎಂದುಕೊಂಡಿದ್ದ. ಎಂದುಕೊಳ್ಳಲಿ ಬಿಡು, ಎಂದುಕೊಳ್ಳುವುದಕ್ಕೇನೂ ಸುಂಕವಿಲ್ಲವಲ್ಲ.

ಒಂದು ದಿನ ಅವನಲ್ಲಿಗೆ ಒಬ್ಬ ಬಣ್ಣಗಾರ ಬಂದ. ನೂಲಿಗೆ ನೀಲಿ ಹಾಕುವುದರಲ್ಲಿ ಗಟ್ಟಿ ಕೈ. ಅವನ ಯಜಮಾನ ತೀರಿಕೊಂಡು, ಮಕ್ಕಳು ಬಣ್ಣದ ತೊಟ್ಟಿ ಮುಚ್ಚಿಸಿದ್ದರು. ಬಣ್ಣಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಆ ಸೀಮೆಯಲ್ಲಿ ಒಂದು ರೂಢಿ ಇತ್ತು. ಹೆಚ್ಚು ಮಾತಾಡಿಸುವುದಿಲ್ಲ, ಕೈ ನೋಡುತ್ತಾರೆ. ದಿನವೂ ತೊಟ್ಟಿಯಲ್ಲಿ ಕೈಯಾಡಿಸುವವನ ಕೈ ಮೊಣಕೈವರೆಗೆ ನೀಲಿ, ಉಗುರಂತೂ ಕಪ್ಪು. ಅದು ತೊಳೆದರೆ ಹೋಗುವ ಬಣ್ಣವಲ್ಲ, ಕೆಲಸ ಬಿಟ್ಟರೆ ಹೋಗುವ ಬಣ್ಣ.

ದಲ್ಲಾಳಿ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮೆಚ್ಚಿಕೊಂಡ. ಪಟ್ಟಣದಲ್ಲಿ ಆಗ ಬಣ್ಣದ ಕೆಲಸ ಎಲ್ಲೂ ಇರಲಿಲ್ಲ, ಸದ್ಯಕ್ಕೆ ಬರುವ ಹಾಗೂ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. "ಇಂಥ ಕೈಗೆ ಕೆಲಸಕ್ಕೇನು ಬರ? ಹೇಳಿ ಕಳಿಸ್ತೀನಿ" ಎಂದ. ಬಣ್ಣಗಾರ ನಗುನಗುತ್ತಾ ಹೋದ.

ತಿಂಗಳು ಕಳೆಯಿತು. ಬಣ್ಣಗಾರನ ಮನೆ ಇದ್ದದ್ದು ದಲ್ಲಾಳಿ ದಿನವೂ ಓಡಾಡುವ ಬೀದಿಯಲ್ಲೇ. ಅವನು ಬಾಗಿಲಲ್ಲಿ ಕೂತಿರುತ್ತಿದ್ದ. ದಲ್ಲಾಳಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದ, ಕೇಳುತ್ತಿರಲಿಲ್ಲ. ಕೇಳಿದ್ದರೆ ದಲ್ಲಾಳಿ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ಸುಮ್ಮನೆ ಎದ್ದು ನಿಲ್ಲುವವನ ಮುಂದೆ ಹಾಯುವುದು ಬಲು ಕಷ್ಟ. ಮೂರು ದಿನ ಹಾದ, ನಾಲ್ಕನೆಯ ದಿನ ಪಕ್ಕದ ಬೀದಿ ಹಿಡಿದ.

ಪಕ್ಕದ ಬೀದಿಯಲ್ಲಿ ಒಬ್ಬ ಅಡುಗೆಯವನಿದ್ದ. ಅವನಿಗೂ ಹೇಳಿ ಕಳಿಸುವುದಿತ್ತು. ಅದರಾಚೆಯ ಬೀದಿಯಲ್ಲಿ ಒಬ್ಬಳು ಸೂಲಗಿತ್ತಿ. ಹೀಗೆ ಒಂದೊಂದಾಗಿ ಪಟ್ಟಣದ ಬೀದಿಗಳೆಲ್ಲ ದಲ್ಲಾಳಿಯ ಪಾಲಿಗೆ ಮುಚ್ಚಿಕೊಂಡವು. ಸಂತೆಯಿಂದ ಅವನ ಮನೆಗೆ ನಾನೂರು ಹೆಜ್ಜೆ. ಅವನು ಕೋಟೆ ಬಾಗಿಲು ದಾಟಿ, ಕೆರೆ ಏರಿ ಸುತ್ತಿ, ಕುಂಬಾರರ ಆವಿಗೆಯ ಹಿಂದಿನಿಂದ ನುಸುಳಿ ಮನೆ ಸೇರುತ್ತಿದ್ದ. ಯಾರೋ ಕೆಮ್ಮಿದರೆ ಬೆಚ್ಚುತ್ತಿದ್ದ. ಉಣ್ಣುವಾಗ ಬಾಗಿಲ ಕಡೆ ನೋಡುತ್ತಿದ್ದ. ಇಷ್ಟೊಂದು ಜನರನ್ನು ಬಲ್ಲವನಿಗೆ ಒಂದು ಬೀದಿಯಲ್ಲೂ ನೆಮ್ಮದಿಯಾಗಿ ನಡೆಯುವ ಹಾಗಿರಲಿಲ್ಲ.

ವರ್ಷದ ಮೇಲೆ ನೂಲಿನ ವ್ಯಾಪಾರಿಯೊಬ್ಬ ಪಟ್ಟಣಕ್ಕೆ ಬಂದು ಹೊಸ ತೊಟ್ಟಿ ಕಟ್ಟಿಸಿದ. ನೀಲಿ ಹಾಕುವವನು ಬೇಕೆಂದು ದಲ್ಲಾಳಿಗೆ ಹೇಳಿದ. ದಲ್ಲಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆವತ್ತು ಅವನು ಸುತ್ತು ಹಾಕಲಿಲ್ಲ. ನಡುಬೀದಿಯಲ್ಲೇ ದಾಪುಗಾಲು ಹಾಕುತ್ತಾ ಬಣ್ಣಗಾರನ ಮನೆಗೆ ಹೋದ.

ಬಣ್ಣಗಾರ ಬಾಗಿಲಲ್ಲೇ ಇದ್ದ. ಸೊರಗಿದ್ದ. ಎದ್ದು ಕೈ ಮುಗಿದ. ಆ ಕೈ ನೋಡಿ ದಲ್ಲಾಳಿಯ ಕಾಲು ಅಲ್ಲೇ ನಿಂತಿತು. ನೀಲಿ ಪೂರ್ತಿ ಹೋಗಿತ್ತು. ಉಗುರು ಎಳೆ ಮಗುವಿನ ಉಗುರಿನ ಹಾಗೆ ತೆಳ್ಳಗೆ ಬೆಳ್ಳಗಿತ್ತು.

"ನದಿಯಾಚೆಯ ಊರಲ್ಲಿ ಬಣ್ಣದವರನ್ನು ಕೂಗಿ ಕರೀತಿದ್ರಲ್ಲಯ್ಯಾ, ಹೋಗಲಿಲ್ವಾ?"

"ಎರಡು ಸಲ ಕರೆ ಬಂತು ಯಜಮಾನ್ರೇ. ನೀವು ಹೇಳಿ ಕಳಿಸ್ತೀನಿ ಅಂದಿದ್ರಲ್ಲ. ಕಳಿಸಿದ ದಿನ ನಾನು ಊರಲ್ಲಿ ಇಲ್ದೇ ಹೋದ್ರೆ ನಿಮ್ಮ ಮಾತು ಏನಾಗಬೇಕು?"

ದಲ್ಲಾಳಿ ಅವನನ್ನು ಕರೆದುಕೊಂಡು ವ್ಯಾಪಾರಿಯ ಬಳಿಗೆ ಹೋದ. ವ್ಯಾಪಾರಿ ಕೈ ಚಾಚಲು ಹೇಳಿದ. ಒಮ್ಮೆ ನೋಡಿ ನಕ್ಕುಬಿಟ್ಟ. ಕೆಲಸ ಬಲ್ಲ ಬಣ್ಣಗಾರ ವರ್ಷವಿಡೀ ಖಾಲಿ ಕೂರುವುದುಂಟೇ, ಯಾರೂ ಕರೆಯದವನನ್ನು ನಾನೇಕೆ ಕರೆಯಲಿ ಎಂದ.

ಅದಕ್ಕೆ ಉತ್ತರ ದಲ್ಲಾಳಿಯ ಬಳಿ ಇತ್ತು. ಇವನನ್ನು ಕರೆದಿದ್ದರು, ಕೂರಿಸಿದವನು ನಾನು ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ವ್ಯಾಪಾರಿಯ ಎದುರು ಅವನ ಹೆಸರು ಕೆಡುತ್ತಿತ್ತು. ಹೊಸ ವ್ಯಾಪಾರಿ, ಮುಂದೆ ಇನ್ನೂ ಹತ್ತು ಜನ ಬೇಕಾಗುವವನು. ಆ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಕಡೆಗೆ ಅವನು ಹೇಳಿದ್ದು ಇಷ್ಟೇ: "ಬೇರೆಯವನನ್ನು ನೋಡಿ ಹೇಳಿ ಕಳಿಸ್ತೀನಿ."

ಇಬ್ಬರೂ ಹೊರಗೆ ಬಂದರು. ಬಣ್ಣಗಾರನಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ದಲ್ಲಾಳಿ ಬದುಕಿಕೊಳ್ಳುತ್ತಿದ್ದ. ಬಣ್ಣಗಾರ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು, ಹೆಗಲ ಮೇಲಿನ ವಸ್ತ್ರದಲ್ಲಿ ಅವನ್ನು ಸುತ್ತಿಕೊಂಡ. ಆಮೇಲೆ ತಲೆಯೆತ್ತಿ ಕೇಳಿದ:

"ಯಜಮಾನ್ರೇ, ಈಗಲಾದ್ರೂ ಹೇಳಿ. ನಾನು ಇನ್ನೂ ಕಾಯ್ಬೇಕಾ, ಬ್ಯಾಡ್ವಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೊಂಬು ಎತ್ತಿ ಒಂದು ಗುಟುಕು ನೀರು ಕುಡಿದರು.

ಪುಟ್ಟಮಾದಪ್ಪ ಕಾದ. ಚಾಪೆಯ ಅಂಚಿನ ಹುಲ್ಲನ್ನು ಕೀಳುತ್ತಾ ಕೂತ. ಆಚೆ ಇಟ್ಟಿದ್ದ ಫೋನು ನೆಲದ ಮೇಲೆ ಗುಂಯ್ಗುಟ್ಟಿ, ಸುತ್ತಿ, ಸುಮ್ಮನಾಯಿತು. ಅವನಿಗೆ ತಡೆಯಲಾಗಲಿಲ್ಲ.

"ದಲ್ಲಾಳಿ ಏನಂದ ಬುದ್ಧಿ?"

ಗುರುಗಳು ಬಗ್ಗಿ ಅವನ ಪ್ಯಾಂಟಿನಿಂದ ಒಂದು ಉತ್ತರಾಣಿ ಕಾಳನ್ನು ಬಿಡಿಸಿ, ಅವನ ಅಂಗೈಯಲ್ಲಿಟ್ಟು ಕೇಳಿದರು:

"ಮಠದ ಮುಂದಿನ ರಸ್ತೇಲಿ ಯಾರ ಮನೆ ಇದೆ, ಪುಟ್ಟಮಾದಪ್ಪ?"