ಬಣ್ಣ ಹಾಕುವವನು ಆರಿಸಿದ ಊರು

“ಬುದ್ಧೀ, ಒಮಾಹಾ, ಟಲ್ಸಾ, ಬಾಯ್ಸಿ, ಈ ಮೂರರಲ್ಲಿ ಯಾವ ಊರಿಗೆ ಹೋಗಿ ನೆಲೆಸಲಿ?” ಎಂದು ನೀಲಾಂಬಿಕೆ ಮಠದ ಸ್ವಾಮಿಗಳನ್ನು ಕೇಳಿದಳು.

ಅವಳು ಅಮೆರಿಕದಲ್ಲಿ ನರ್ಸ್. ರಜೆಗೆ ಬಂದವಳು ಮಗುವನ್ನು ಎತ್ತಿಕೊಂಡು ಮಠಕ್ಕೆ ಬಂದಿದ್ದಳು. ಮೂರೂ ಆ ದೇಶದ, ತೀರ ದೊಡ್ಡವಲ್ಲದ, ಚಿಕ್ಕವೂ ಅಲ್ಲದ ಊರುಗಳು. ಮನೆ ಬಾಡಿಗೆ, ಆಸ್ಪತ್ರೆಯ ಕೆಲಸ, ಚಳಿ ಎಲ್ಲವನ್ನೂ ಅವಳು ತೂಗಿ ನೋಡಿದ್ದಳು. ಅಲ್ಲಿರುವವರಿಗೆ ಫೋನ್ ಮಾಡಿಯೂ ವಿಚಾರಿಸಿದ್ದಳು. ಎಲ್ಲರೂ ತಮ್ಮ ತಮ್ಮ ಊರನ್ನೇ ಬೈದರಂತೆ. ಹಾಗಾಗಿ ಆ ಮಾತುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಂತೆ.

ಸ್ವಾಮಿಗಳಿಗೆ ಸಿಟ್ಟು ಬಂತು. ಆ ಊರುಗಳ ಹೆಸರೇ ನನ್ನ ನಾಲಿಗೆಗೆ ತಿರುಗುವುದಿಲ್ಲ, ನನ್ನನ್ನೇನು ಕೇಳುತ್ತೀ ಎಂದು ಗೊಣಗಿದರು. ಆಮೇಲೆ ಮಗುವಿನ ಕಡೆ ನೋಡಿ, ಕೂತುಕೋ ಎಂದು ಈ ಕತೆ ಹೇಳಿದರು.

ನೂಲಿಗೆ ಬಣ್ಣ ಹಾಕುವವನೊಬ್ಬನಿದ್ದ. ಅವನ ಊರಿನ ನೇಕಾರರು ಒಬ್ಬೊಬ್ಬರಾಗಿ ಮಗ್ಗ ಬಿಚ್ಚಿಟ್ಟರು. ಅವನಿಗೆ ಕೆಲಸವಿಲ್ಲದಾಯಿತು. ಹೆಂಡತಿ, ಸಣ್ಣ ಮಗಳು. ಬೇರೆ ಊರು ನೋಡಲೇಬೇಕಾಯಿತು.

ಬಣ್ಣದವನು ಊರು ನೋಡುವ ರೀತಿಯೇ ಬೇರೆ. ಬಿಳಿ ನೂಲು ಹಿಡಿದು ಹೋಗುತ್ತಾನೆ. ಆ ಊರಿನ ನೀರಲ್ಲೇ ಬಣ್ಣ ಕುದಿಸಿ, ನೂಲು ಅದ್ದಿ, ಒಣಗಿಸಿ ನೋಡುತ್ತಾನೆ. ಅಷ್ಟೇ ಅವನ ಪರೀಕ್ಷೆ.

ಮೊದಲ ಊರಿನಲ್ಲಿ ಕೆಂಪು ಮಂಕಾಯಿತು. ಇಲ್ಲಿ ಸೊಳ್ಳೆ ಬಿಟ್ಟರೆ ಬೇರೇನೂ ಇಲ್ಲ ಎಂದು ಅಲ್ಲಿಯವನೊಬ್ಬ ಬೈದ. ಎರಡನೆಯ ಊರಿನಲ್ಲಿ ಬಣ್ಣ ನಿಲ್ಲಲಿಲ್ಲ. ಈ ಊರಿನವರೆಲ್ಲ ಕಳ್ಳರು ಎಂದು ಅಲ್ಲಿಯವನು ಬೈದ. ಸ್ವಂತ ಊರನ್ನು ಬೈಯದವರು ಯಾರಿದ್ದಾರೆ ಎಂದು ಬಣ್ಣದವನು ಒಳಗೊಳಗೇ ನಕ್ಕ.

ಮೂರನೆಯ ಊರಿನಲ್ಲಿ ಕೆಂಪು ದಾಸವಾಳದ ಹಾಗೆ ಹತ್ತಿತು. ಎಷ್ಟು ಒಗೆದರೂ ಬಿಡಲಿಲ್ಲ. ಬಾವಿಯ ಹತ್ತಿರ ಸೊಂಟ ಬಾಗಿದ ಮುದುಕಿಯೊಬ್ಬಳು ನೀರು ಸೇದುತ್ತಿದ್ದಳು.

“ಮಕ್ಕಳಿದ್ದಾರೇನಪ್ಪ?”

“ಒಬ್ಬಳು ಮಗಳಿದ್ದಾಳಮ್ಮ.”

“ಹಾಗಾದರೆ ಇಲ್ಲಿಗೆ ಬರಬೇಡ. ಈ ನೀರು ಮಕ್ಕಳಿಗೆ ಆಗಿಬರುವುದಿಲ್ಲ.”

ಅಲ್ಲಿ ಸೊಳ್ಳೆ, ಅಲ್ಲಿ ಕಳ್ಳರು, ಇಲ್ಲಿ ನೀರು, ಇವಳದೂ ಅದೇ ರಾಗ ಎಂದುಕೊಂಡ ಪುಣ್ಯಾತ್ಮ. ಸಂಸಾರವನ್ನು ಕರೆತಂದ.

ಅವನ ಕೆಂಪು ಹೆಸರಾಯಿತು. ದೂರದೂರದ ನೇಕಾರರು ಹುಡುಕಿಕೊಂಡು ಬಂದರು. ಮಗಳು ಅದೇ ಬಾವಿಯ ನೀರು ಕುಡಿದು ಬೆಳೆದಳು. ಮೊದಲು ಹಲ್ಲು ಕಂದುಬಣ್ಣಕ್ಕೆ ತಿರುಗಿದವು. ಹೆಂಡತಿ ಹೆದರಿದಳು, ಈ ಊರು ಬಿಡೋಣ ಎಂದು ಅತ್ತಳು. ಇಂಥ ಬಣ್ಣ ಬೇರೆಲ್ಲಿ ಹತ್ತುತ್ತದೆ, ಈ ಹಬ್ಬದ ಕೆಲಸ ಮುಗಿಯಲಿ ಎಂದ. ಹಬ್ಬ ಮುಗಿದ ಮೇಲೆ ಮದುವೆಯ ಕಾಲ ಬಂತು. ಹೀಗೇ ವರ್ಷಗಳು ಹೋದವು. ಅಷ್ಟರಲ್ಲಿ ಹುಡುಗಿಯ ಮೊಣಕಾಲುಗಳು ಒಳಕ್ಕೆ ಬಾಗಿದವು. ಕೊನೆಗೆ ಅವಳು ಅಂಗಳದಲ್ಲಿ ಕೈಯೂರಿ ತೆವಳತೊಡಗಿದಳು.

ಆಗ ಅವನು ಬಣ್ಣದ ಹಂಡೆಗಳನ್ನು ಅಲ್ಲೇ ಬಿಟ್ಟ. ಮಗಳನ್ನು ಬೆನ್ನ ಮೇಲೆ ಹೊತ್ತು ಮೊದಲ ಊರಿಗೆ ಹೋದ. ಅಲ್ಲಿಯ ನೀರು ಚೆನ್ನಾಗಿತ್ತು. ಕಾಲು ನೆಟ್ಟಗಾಗಲಿಲ್ಲ.

ಸ್ವಾಮಿಗಳು ನಿಲ್ಲಿಸಿದರು. ನೀಲಾಂಬಿಕೆಯ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ತಿರುಗಿ ಹುಡುಕಿದವನಿಗೆ ಹೀಗಾಗಬಾರದಿತ್ತು ಎಂದಳು.

“ಅವನು ಊರು ಹುಡುಕಿದ್ದು ನೂಲಿಗೆ, ತಾಯಿ. ಮಗಳಿಗಲ್ಲ” ಎಂದರು ಸ್ವಾಮಿಗಳು.

ಅವಳು ಮಗುವನ್ನು ಎತ್ತಿಕೊಂಡು, ಆ ಮೂರು ಊರಿನವರಿಗೆ ಮತ್ತೊಮ್ಮೆ ಫೋನ್ ಮಾಡಲು ಎದ್ದಳು.